ಇದ್ದಿಲೋ ಗ್ಯಾಸೋ? ಮಳೆ ಊರಿನವರು ಬಾರ್ಬೆಕ್ಯೂ ಕೊಳ್ಳುವ ಮೊದಲು

ಬಾರ್ಬೆಕ್ಯೂ ಕೊಳ್ಳಬೇಕು, ಇದ್ದಿಲಿನದ್ದು ಒಳ್ಳೆಯದಾ ಗ್ಯಾಸಿನದ್ದಾ ಅಂತ ಕೇಳುವ ಮಕ್ಕಳಿಗೆ ನಾನು ತಿರುಗಿ ಕೇಳುವುದು ಒಂದೇ. ಮಳೆ ಬಂದರೆ ಎಲ್ಲಿ ನಿಂತು ಸುಡುತ್ತೀರಿ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜಿಲ್ಲೆ ಒಂದೇ ಆದರೂ ಎರಡು ಕಡೆಯವರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಅಂಗಳಕ್ಕೆ ಇಳಿಯುವುದೇ ಕಷ್ಟ. ಬಾರ್ಬೆಕ್ಯೂ ಅನ್ನುವುದು ಹೊರಗೆ ಇಟ್ಟು ಉರಿಸುವ ಸಾಮಾನು. ಹೊರಗೆ ಜಾಗ ಇಲ್ಲದವರಿಗೆ ಎರಡೂ ದಂಡ. ಜಾಗ ಇದ್ದು, ನೆಂಟರು ಬಂದಾಗ, ಹಬ್ಬದ ಮಾರನೇ ದಿನ ಅಂತ ಅಪರೂಪಕ್ಕೆ ಸುಡುವವರಿಗೆ ಚಿಕ್ಕದೊಂದು ಇದ್ದಿಲೊಲೆ ಧಾರಾಳ. ವಾರ ವಾರವೂ ಬೇಕು, ಏಳಕ್ಕೆ ಕೆಲಸದಿಂದ ಬಂದು ಎಂಟಕ್ಕೆ ಊಟಕ್ಕೆ ಕೂರಬೇಕು ಅನ್ನುವ ಮನೆಗೆ ಮಾತ್ರ ಗ್ಯಾಸ್. ನನ್ನ ತೀರ್ಮಾನ ಇಷ್ಟು. ಒಪ್ಪದವರು ಕಾರಣ ಕೇಳಿ ಆಮೇಲೆ ಜಗಳ ಮಾಡಿ.

ಬಚ್ಚಲೊಲೆ ಇನ್ನೂ ಉರಿಸುವ ಮನೆಯವರು ಅಂಗಡಿ ಕಡೆ ಹೋಗಲೇಬೇಡಿ. ಹಂಡೆ ನೀರು ಕಾದ ಮೇಲೆ ಅಷ್ಟೊಂದು ಕೆಂಡ ಸುಮ್ನೆ ಬೂದಿಯಾಗುತ್ತದೆ. ಅದನ್ನು ಒಲೆ ಬಾಯಿಗೆ ಎಳೆದು, ಎರಡು ಇಟ್ಟಿಗೆ ಇಟ್ಟು, ಮೇಲೊಂದು ಜಾಲರಿ ಹಾಕಿದರೆ ಕೆಲಸ ಆಯಿತು. ಬದನೆಕಾಯಿ, ಗೆಣಸು, ಒಣಮೀನು, ಹಪ್ಪಳ ಎಲ್ಲ ನಾವು ಸುಟ್ಟಿದ್ದು ಅಲ್ಲೇ ಅಲ್ವಾ? ಹಲಸಿನ ಬೀಜವನ್ನು ಮಾತ್ರ ಕೆಂಡಕ್ಕೆ ಎಸೆಯಬೇಡಿ, ಬಿಸಿ ಬೂದಿಯಲ್ಲಿ ಹೂಳಿ. ಹೂಳುವ ಮೊದಲು ಚಾಕುವಿನಿಂದ ಸಿಪ್ಪೆಗೆ ಒಂದು ಗೀರು ಹಾಕಿ. ಇಲ್ಲದಿದ್ದರೆ ಒಳಗಿನ ಆವಿ ತುಂಬಿ ಠಪ್ ಅಂತ ಸಿಡಿಯುತ್ತದೆ, ಬಗ್ಗಿ ನೋಡುತ್ತಿದ್ದವರ ಮುಖಕ್ಕೆಲ್ಲ ಬೂದಿ.

ಜಾಲರಿ ವಿಷಯದಲ್ಲಿ ಉಳಿತಾಯ ಬೇಡ. ಬೇಲಿಗೆ ತಂದು ಮಿಕ್ಕಿದ ತಂತಿ ಬಲೆಯನ್ನು ಕತ್ತರಿಸಿ ಇಡುವವರಿದ್ದಾರೆ. ಅದಕ್ಕೆ ಸತುವಿನ ಲೇಪ ಇರುತ್ತದೆ, ಕೆಂಡದ ಶಾಖಕ್ಕೆ ಅದು ಕೆಟ್ಟ ಹೊಗೆಯಾಗಿ ಏಳುತ್ತದೆ. ಸ್ಟೀಲಿನದ್ದು ಅಥವಾ ಬರೀ ಕಬ್ಬಿಣದ್ದು ತನ್ನಿ. ಒಲೆಗೆ ಪ್ಲೈವುಡ್ ಚೂರು, ಬಣ್ಣ ಬಳಿದ ಮರ ಹಾಕಿದ ದಿನ ಆ ಕೆಂಡದಲ್ಲಿ ಏನನ್ನೂ ಸುಡಬೇಡಿ. ಹೊಳಗೇರಿನ ಕಟ್ಟಿಗೆ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅದರ ಸೊನೆ ತಾಗಿದರೇ ಮೈಯೆಲ್ಲ ಬೊಕ್ಕೆ.

ಈಗ ಮುಖ್ಯವಾದ ಮಾತು. ಇದ್ದಿಲೊಲೆಯನ್ನು ಮಳೆ ಅಂತ ಮನೆಯೊಳಗೆ ತರಲೇಬಾರದು. ಹಳೇ ಮನೆಯಲ್ಲಿ ಒಲೆ ಒಳಗೇ ಇತ್ತಲ್ಲ ದೊಡ್ಡಮ್ಮ ಅಂತ ನನ್ನ ತಂಗಿ ಮಗ ವಾದ ಮಾಡುತ್ತಾನೆ. ಇತ್ತಪ್ಪ. ಆ ಮನೆಗೆ ಹೆಂಚಿನ ಸಂದಿ ಇತ್ತು, ಗೋಡೆಗೂ ಮಾಡಿಗೂ ನಡುವೆ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ಮನೆಗೆ ಗಾಜಿನ ಕಿಟಕಿ ಎಳೆದರೆ ಸೊಳ್ಳೆಯೂ ನುಸುಳುವುದಿಲ್ಲ. ಕಟ್ಟಿಗೆ ಹೊಗೆಯಾದರೆ ಕಣ್ಣು ಉರಿದು ನಾವೇ ಎದ್ದು ಹೊರಗೆ ಹೋಗುತ್ತೇವೆ. ಚೆನ್ನಾಗಿ ಹೊತ್ತಿದ ಇದ್ದಿಲಿಗೆ ಹೊಗೆಯೇ ಇಲ್ಲ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತದಲ್ಲಿ ಆಮ್ಲಜನಕ ಕೂರುವ ಜಾಗ ಹಿಡಿದು ಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು, ಕೈಕಾಲು ಸೋಲುವುದು, ನಿದ್ದೆ ಬಂದ ಹಾಗೆ ಆಗುವುದು. ಅಷ್ಟು ಹೊತ್ತಿಗೆ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಅಡುಗೆ ಮುಗಿದ ಮೇಲೆ ಚಳಿಗೆ ಇರಲಿ ಅಂತ ಮಿಕ್ಕ ಕೆಂಡವನ್ನು ಮಲಗುವ ಕೋಣೆಗೆ ಒಯ್ಯುವುದು ಇನ್ನೂ ಅಪಾಯ. ಬಾಣಂತಿ ಕೋಣೆಗೆ ಕೆಂಡ ಇಡುವ ಅಜ್ಜಿಯಂದಿರಿಗೂ ಇದೇ ಮಾತು. ಯಾರಿಗಾದರೂ ಹಾಗೆ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತನ್ನಿ, ತಡ ಮಾಡದೆ ಆಸ್ಪತ್ರೆಗೆ ಹೊರಡಿ.

ತೊಟ್ಟಿ ಮನೆಯವರು ನಮ್ಮ ಒಳಂಗಳ ಆಕಾಶಕ್ಕೆ ತೆರೆದೇ ಇದೆ, ಅಲ್ಲಿ ಇಟ್ಟರಾಯಿತು ಅನ್ನುತ್ತಾರೆ. ನನಗೆ ಅದೂ ಇಷ್ಟವಿಲ್ಲ. ಸುತ್ತ ಕೋಣೆಗಳ ಬಾಗಿಲು ಆ ಕಡೆಗೇ ತೆರೆದಿರುತ್ತವೆ. ಗ್ಯಾಸಿನದ್ದಾದರೆ ಇನ್ನೊಂದು ತೊಂದರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ತಗ್ಗಿಗೆ ಇಳಿದು ನಿಲ್ಲುತ್ತದೆ. ತೊಟ್ಟಿ ಅಂದರೇ ತಗ್ಗು. ಪೇಟೆ ಮನೆಯಲ್ಲಿ ಸಂಪಿನ ಮುಚ್ಚಳದ ಹತ್ತಿರ, ಚರಂಡಿ ಬಾಯಿಯ ಹತ್ತಿರ ಇಡಬಾರದು ಅನ್ನುವುದೂ ಇದಕ್ಕೇ. ಅಡಿಕೆ ಒಣಗಿಸಲು ತಗಡಿನ ಚಪ್ಪರ ಹಾಕಿಕೊಂಡವರಿಗೆ ಒಳ್ಳೆಯ ಅನುಕೂಲ. ನಾಲ್ಕೂ ಕಡೆ ತೆರೆದಿದ್ದು ಮೇಲೆ ಮಾತ್ರ ಮುಚ್ಚಿದ್ದರೆ ಮಳೆಯಲ್ಲೂ ಸುಡಬಹುದು. ಆದರೆ ಅಡಿಕೆ ಸಿಪ್ಪೆಯ ರಾಶಿ, ಒಣ ಸೋಗೆ, ಹುಲ್ಲಿನ ಬಣವೆ ದೂರ ಇರಲಿ. ಫೆಬ್ರವರಿ ದಾಟಿದ ಮೇಲೆ ಒಂದು ಕಿಡಿ ಹಾರಿದರೂ ಸಾಕು, ಪಕ್ಕದ ಬೆಟ್ಟಕ್ಕೇ ಬೆಂಕಿ.

ರುಚಿಗೆ ಬರೋಣ. ಇದ್ದಿಲಿನ ಘಮವೇ ಬೇರೆ ಅಂತ ಎಲ್ಲರೂ ಹೇಳುತ್ತಾರೆ. ಆ ಘಮದ ಬಹುಪಾಲು ಇದ್ದಿಲಿನಿಂದ ಬರುವುದಿಲ್ಲ. ಕೋಳಿಯ ಚರ್ಮದ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ, ಚುರ್ ಅಂತ ಹೊಗೆ ಏಳುತ್ತದೆ, ಆ ಹೊಗೆ ಮಾಂಸಕ್ಕೆ ಹಿಡಿಯುತ್ತದೆ. ಒಳ್ಳೆಯ ಗ್ಯಾಸ್ ಬಾರ್ಬೆಕ್ಯೂನಲ್ಲಿ ಬರ್ನರಿನ ಮೇಲೆ ಕಬ್ಬಿಣದ ತಗಡು ಇರುತ್ತದೆ. ಕೊಬ್ಬು ಅದರ ಮೇಲೆ ಬಿದ್ದಾಗಲೂ ಹೊಗೆ ಏಳುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ಹಾಗಾಗಿ ಕೋಳಿಯ ಕಾಲು, ಹಂದಿ ಮಾಂಸ ಸುಡುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಪನೀರ್, ಜೋಳ, ಅನಾನಸ್, ದಪ್ಪ ಮೆಣಸಿನಕಾಯಿ ಸುಡುವ ಮನೆಗೆ ಅಷ್ಟೇನೂ ಗೊತ್ತಾಗಲ್ಲ. ಗೊಜ್ಜಿಗೆ ಸುಡುವ ಬದನೆಕಾಯಿಗೆ ಸಿಪ್ಪೆ ಕಪ್ಪಾಗಿ ಒಳಗೆ ಮೆತ್ತಗಾದರೆ ಮುಗಿಯಿತು, ಅದಕ್ಕೆ ಅಡುಗೆಮನೆಯ ಗ್ಯಾಸ್ ಒಲೆಯೇ ಸಾಕು. ಹಲಸಿನ ಹಪ್ಪಳದ ವಿಷಯದಲ್ಲಿ ಮಾತ್ರ ನಾನು ಕೆಂಡದ ಪಕ್ಷ. ಗ್ಯಾಸ್ ಉರಿಯುವಾಗ ನೀರಿನ ಆವಿಯೂ ಹುಟ್ಟುತ್ತದೆ. ಇದ್ದಿಲು ಹೆಚ್ಚುಕಡಿಮೆ ಬರೀ ಇಂಗಾಲ, ಅದರ ಶಾಖ ಒಣ ಶಾಖ. ಮಳೆಗಾಲದ ತೇವದಲ್ಲಿ ಹಪ್ಪಳ ಗರಿಗರಿ ಆಗಬೇಕಾದರೆ ಅದೇ ಬೇಕು.

ಇದ್ದಿಲಿನಲ್ಲಿ ಮರದ್ದು, ಗೆರಟೆಯದ್ದು, ಒತ್ತಿ ಮಾಡಿದ ಬಿಲ್ಲೆ ಅಂತ ಮೂರು ಬಗೆ ಸಿಗುತ್ತವೆ. ತೆಂಗಿನ ಗೆರಟೆಯ ಇದ್ದಿಲು ನನಗೆ ಇಷ್ಟ. ಹೊತ್ತಲು ಸ್ವಲ್ಪ ಹಟ ಮಾಡುತ್ತದೆ, ಹೊತ್ತಿದ ಮೇಲೆ ಶಾಖ ಜಾಸ್ತಿ, ಬಾಳಿಕೆಯೂ ಜಾಸ್ತಿ. ಮರದ ಇದ್ದಿಲು ಬೇಗ ಹೊತ್ತುತ್ತದೆ, ಬೇಗ ಮುಗಿಯುತ್ತದೆ. ಕಾಡಿನ ಕಟ್ಟಿಗೆ ತಂದು ನಾವೇ ಸುಟ್ಟುಕೊಳ್ಳೋಣ ಅನ್ನುವ ಯೋಚನೆ ಬೇಡ, ಇದ್ದಿಲೂ ಕಾನೂನಿನಲ್ಲಿ ಅರಣ್ಯ ಉತ್ಪನ್ನವೇ. ಅಂಗಡಿಯಿಂದ ತಂದ ಚೀಲವನ್ನು ಸಿಮೆಂಟ್ ನೆಲಕ್ಕೆ ಇಟ್ಟರೆ ಜುಲೈ ಹೊತ್ತಿಗೆ ತೇವ ಕುಡಿದಿರುತ್ತದೆ. ತೇವದ ಇದ್ದಿಲು ಚಟಚಟ ಸಿಡಿಯುತ್ತದೆ, ಕಿಡಿ ಹಾರಿಸುತ್ತದೆ. ಮುಚ್ಚಳ ಇರುವ ಟಿನ್ನಿನಲ್ಲಿ ತುಂಬಿ ಮಣೆ ಮೇಲೆ ಇಡಿ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಬೇಡಿ. ವಾಸನೆ ಮಾಂಸಕ್ಕೆ ಹಿಡಿಯುವುದು ಒಂದಾದರೆ, ಆರಿತು ಅಂದುಕೊಂಡ ಕೆಂಡದ ಮೇಲೆ ಸುರಿದಾಗ ಭಗ್ಗನೆ ಕೈಗೇ ಬರುವುದು ಇನ್ನೊಂದು. ಒಣ ತೆಂಗಿನ ನಾರು ಇದೆ, ಅಡಿಕೆ ಸಿಪ್ಪೆ ಇದೆ, ಬೀಸಲು ಅಡಿಕೆ ಹಾಳೆ ಇದೆ. ಇನ್ನೇನು ಬೇಕು? ಇದ್ದಿಲನ್ನು ಹರಡದೆ ಗುಡ್ಡೆ ಮಾಡಿ, ನಡುವೆ ನಾರು ಇಟ್ಟು ಹೊತ್ತಿಸಿ. ಸುಮಾರು ಅರ್ಧ ಗಂಟೆಗೆ ಮೇಲೆಲ್ಲ ಬಿಳಿ ಬೂದಿ ಹಿಡಿಯುತ್ತದೆ. ಅಲ್ಲಿಯವರೆಗೆ ಮಾಂಸ ಇಡಬೇಡಿ. ಊರಿಂದ ಬಂದ ಹುಡುಗರು ತಪ್ಪುವುದೇ ಇಲ್ಲಿ, ಜ್ವಾಲೆ ಕಂಡ ಕೂಡಲೇ ಕೋಳಿ ಇಟ್ಟುಬಿಡುತ್ತಾರೆ. ಹೊರಗೆ ಮಸಿ, ಒಳಗೆ ಹಸಿ.

ಬೂದಿ ಹಿಡಿದ ಮೇಲೆ ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಜಾಲರಿಯ ಮೇಲೆ ನಾಲ್ಕೈದು ಇಂಚು ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಜೋರು ಉರಿ, ಐದಾರು ಎಣಿಸಲು ಆದರೆ ಹದ. ಕೋಳಿಯನ್ನು ಮೊದಲು ಜೋರು ಕಡೆ ಇಟ್ಟು ಬಣ್ಣ ಬರಿಸಿ, ಆಮೇಲೆ ಖಾಲಿ ಕಡೆಗೆ ಸರಿಸಿ ಮೇಲೊಂದು ಪಾತ್ರೆ ಕವುಚಿ. ಒಳಗೆ ನಿಧಾನಕ್ಕೆ ಬೇಯುತ್ತದೆ. ಥರ್ಮಾಮೀಟರ್ ಇದ್ದವರು ದಪ್ಪ ಭಾಗದಲ್ಲಿ ಚುಚ್ಚಿ ನೋಡಿ, 74 ಡಿಗ್ರಿ ಸೆಲ್ಸಿಯಸ್ ಆಗಿರಬೇಕು. ಇಲ್ಲದವರು ಕಾಲಿನ ಸಂದಿಯಲ್ಲಿ ಕತ್ತರಿಸಿ ನೋಡಿ, ನಸುಗೆಂಪು ಕಂಡರೆ ಮತ್ತೆ ಇಡಿ. ಬಿದಿರಿನ ಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಆಗ ಅದು ಮಾಂಸಕ್ಕಿಂತ ಮೊದಲು ಸುಡುವುದಿಲ್ಲ. ಬೇಲಿಯಿಂದ ಸಿಕ್ಕ ಕಡ್ಡಿ ಮುರಿದು ಚುಚ್ಚಬೇಡಿ, ಕಣಗಿಲೆ ಪೂರ್ತಿ ವಿಷ.

ಗ್ಯಾಸಿನದ್ದರಲ್ಲಿ ಈ ರಗಳೆ ಇಲ್ಲ. ಗುಬುಟು ತಿರುಗಿಸಿ ಹತ್ತು ನಿಮಿಷ ಕಾಯಿಸಿದರೆ ಸಾಕು. ಆದರೆ ಕೊಳ್ಳುವಾಗ ಹುಷಾರು. ಹೊರದೇಶದವರಿಗೆ ಮಾಡಿದ್ದನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿಕೊಂಡರೆ ಅದರ ರೆಗ್ಯುಲೇಟರ್ ನಮ್ಮ 14.2 ಕೆಜಿ ಸಿಲಿಂಡರಿನ ಬಾಯಿಗೆ ಕೂರದೇ ಇರಬಹುದು. ಹೇಗೋ ಕೂರಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಬಂದರೆ ಕಾಫಿ ಕೊಟ್ಟು ಕಳಿಸಿ. ಎರಡು ಬರ್ನರಿನದ್ದು ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಅರ್ಧ ಕೆಜಿ ಗ್ಯಾಸ್ ತಿನ್ನುತ್ತದೆ. ಅಡುಗೆಮನೆಯ ಸಿಲಿಂಡರನ್ನೇ ಪ್ರತಿ ಸಲ ಹೊತ್ತೊಯ್ದರೆ ಬೆಳಗ್ಗೆ ಕಾಫಿಗೆ ತತ್ವಾರ, ಅದಕ್ಕೆ ಬೇಕಾದರೆ 5 ಕೆಜಿಯದ್ದು ಬೇರೆ ಇಟ್ಟುಕೊಳ್ಳಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಉರಿಯ ಕೆಳಗೆ ಇರಬಾರದು. ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತ. ಗ್ಯಾಸ್ ಸೋರಿ ಗಾಬರಿಯಾದರೆ 1906ಕ್ಕೆ ಫೋನ್ ಮಾಡಬಹುದು.

ನಮ್ಮ ಕಡೆ ಗ್ಯಾಸ್ ಬಾರ್ಬೆಕ್ಯೂಗೆ ದೊಡ್ಡ ಶತ್ರು ಮಣ್ಣಿನ ಗೂಡು ಕಟ್ಟುವ ಕಣಜ. ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದನ್ನು ದೀಪಾವಳಿಗೆ ತೆಗೆಯುತ್ತೀರಿ. ಅಷ್ಟರಲ್ಲಿ ಬರ್ನರಿನ ಕೊಳವೆಯೊಳಗೆ ಅದು ಮಣ್ಣು ಮೆತ್ತಿ ಮೊಟ್ಟೆ ಇಟ್ಟಿರುತ್ತದೆ. ಅಲ್ಲದಿದ್ದರೆ ಜೇಡ ಬಲೆ ನೇಯ್ದಿರುತ್ತದೆ. ಹೊರಗಿನಿಂದ ಏನೂ ಕಾಣಲ್ಲ. ಹೊತ್ತಿಸಿದಾಗ ಗ್ಯಾಸ್ ಮುಂದಕ್ಕೆ ಹೋಗಲು ದಾರಿ ಇಲ್ಲದೆ ಹಿಂದಕ್ಕೆ ಬಂದು ಗುಬುಟಿನ ಹತ್ತಿರವೇ ಉರಿಯುತ್ತದೆ. ನೀಲಿ ಇರಬೇಕಾದ ಜ್ವಾಲೆ ಹಳದಿಯಾಗಿ ತೂಗಾಡಿದರೆ ತಕ್ಷಣ ಬಂದ್ ಮಾಡಿ. ಪ್ರತಿ ವರ್ಷ ಮಳೆ ನಿಂತ ಮೇಲೆ ಸಿಲಿಂಡರ್ ಬಿಡಿಸಿ, ಬರ್ನರ್ ಕಳಚಿ, ಟಾರ್ಚ್ ಹಾಕಿ ನೋಡಿ, ಮಕ್ಕಳ ಹಾಲಿನ ಬಾಟಲಿ ತೊಳೆಯುವಂಥ ಉದ್ದ ಬ್ರಷ್‌ನಿಂದ ಉಜ್ಜಿ. ಎರಕದ ಜಾಲರಿಗೆ ತುಕ್ಕು ಹಿಡಿಯುವುದಂತೂ ಗ್ಯಾರಂಟಿ. ಸುಟ್ಟು ಮುಗಿದು ಬೆಚ್ಚಗೆ ಇರುವಾಗಲೇ ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ. ಕರೆಂಟಿನ ಗ್ರಿಲ್ ಬಗ್ಗೆ ಕೇಳುತ್ತೀರಾ? ಮಳೆಗಾಲದಲ್ಲಿ ಕರೆಂಟ್ ಇದ್ದರೆ ಮಾತಾಡೋಣ.

ಮಸಾಲೆ ನಿಮ್ಮಿಷ್ಟ. ನಾನು ಕೋಳಿಗೆ ಕಾಳುಮೆಣಸು, ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಅರೆದು ಹಚ್ಚಿ ಎರಡು ಗಂಟೆ ಬಿಡುತ್ತೇನೆ. ಸಕ್ಕರೆ, ಜೇನು ಇರುವ ಸಾಸ್ ಆದರೆ ಕೊನೆಯ ಐದು ನಿಮಿಷಕ್ಕೆ ಮಾತ್ರ ಸವರಿ, ಮೊದಲೇ ಹಚ್ಚಿದರೆ ಕರಕಲು. ಹಸಿ ಕೋಳಿ ನೆನೆಸಿದ ಮಸಾಲೆ ನೀರನ್ನು ಬೆಂದ ತುಂಡಿಗೆ ಸವರಬೇಡಿ, ಬೇಕಿದ್ದರೆ ಮೊದಲೇ ಸ್ವಲ್ಪ ಬೇರೆ ತೆಗೆದಿಡಿ. ಹೊಳೆಮೀನು ಜಾಲರಿಗೆ ಅಂಟಿ ಪುಡಿಯಾಗುತ್ತದೆ. ಬಾಳೆ ಎಲೆಯನ್ನು ಬಿಸಿಗೆ ಬಾಡಿಸಿ, ಮೀನು ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ ಇಡಿ. ಎಲೆ ಕಪ್ಪಾದಾಗ ತಿರುವಿ ಹಾಕಿ.

ಎಲ್ಲ ಉಂಡು ಮಲಗುವ ಮೊದಲು ಬೂದಿ ನೋಡಿ. ಮೇಲೆ ಬೆಳ್ಳಗೆ ತಣ್ಣಗೆ ಕಂಡರೂ ಅಡಿಯಲ್ಲಿ ಕೆಂಡ ಮಾರನೇ ದಿನದವರೆಗೂ ಇರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಬೇಡಿ, ದರಗಿನ ಗುಂಡಿಗೆ ಸುರಿಯಬೇಡಿ. ಮುಚ್ಚಳದ ಟಿನ್ನಿನಲ್ಲಿ ಎರಡು ದಿನ ಇಟ್ಟು ಆಮೇಲೆ ತೆಂಗಿನ ಬುಡಕ್ಕೆ ಒಂದೊಂದು ಹಿಡಿ ಹಾಕಿ, ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದು. ಒತ್ತಿ ಮಾಡಿದ ಬಿಲ್ಲೆಯ ಬೂದಿಯನ್ನು ಮಾತ್ರ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಅಂಟು, ಹೊತ್ತಿಸುವ ಮದ್ದು ಏನೇನು ಬೆರೆಸಿರುತ್ತಾರೋ.