ಗ್ರೂಪ್ ಟೂರಿನ ಕೊನೆಯ ದಿನ ವಿದೇಶದ ನೆಂಟರನ್ನು ಕಾಣುವುದು ಹೇಗೆ

ಗುಂಪಿನೊಂದಿಗೆ ವಿದೇಶ ಪ್ರವಾಸಕ್ಕೆ ಹೊರಟವರಲ್ಲಿ ಹಲವರಿಗೆ ಆ ಕಡೆ ಅಕ್ಕನೋ, ತಮ್ಮನೋ, ಚಿಕ್ಕಪ್ಪನ ಮಗನೋ ಇರುತ್ತಾರೆ. ‘ಅಷ್ಟು ದೂರ ಹೋಗಿ ಅವರ ಮನೆಗೆ ಕಾಲಿಡದೆ ಬರುವುದೇ?’ ಎಂಬ ಮಾತು ಏಳುವುದು ಮಾತ್ರ ಟಿಕೆಟ್ ಕೈಗೆ ಬಂದ ಮೇಲೆ. ಕೊನೆಯ ದಿನದ ಭೇಟಿಯನ್ನು ಮುಂಗಡ ಹಣ ಕಟ್ಟುವಾಗಲೇ ಗೊತ್ತು ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಗುಂಪಿನ ವಿಮಾನ ಟಿಕೆಟ್‌ಗಳನ್ನು ಒಟ್ಟಾಗಿ ಕೊಂಡಿರುವುದರಿಂದ, ಹಿಂದಿರುಗುವ ದಿನಾಂಕವನ್ನು ಒಬ್ಬರಿಗಾಗಿ ಬದಲಿಸುವ ಅವಕಾಶ ಸಾಮಾನ್ಯವಾಗಿ ಟಿಕೆಟ್ ಹೊರಬೀಳುವ ಮುನ್ನವಷ್ಟೇ ಇರುತ್ತದೆ. ಆಮೇಲೆ ಕೇಳಿದರೆ ಹೊಸ ಟಿಕೆಟ್ ಕೊಳ್ಳಬೇಕಾಗುವುದೇ ಹೆಚ್ಚು.

ವಿಮಾನ ಬದಲಿಸುವ ಊರಿನಲ್ಲೇ ನೆಂಟರಿದ್ದಾರೆ, ಅಲ್ಲೇ ಇಳಿದುಬಿಡೋಣ ಎಂಬ ಯೋಚನೆ ಹಲವರಿಗೆ ಬರುತ್ತದೆ. ಪೆಟ್ಟಿಗೆಯ ಹಿಡಿಗೆ ಸುತ್ತಿದ ಪಟ್ಟಿಯನ್ನು ಒಮ್ಮೆ ನೋಡಿ: ಅಲ್ಲಿ ದಪ್ಪಗೆ ಅಚ್ಚಾಗಿರುವ ಮೂರು ಅಕ್ಷರಗಳು ನೀವು ಕೊನೆಗೆ ಇಳಿಯುವ ವಿಮಾನ ನಿಲ್ದಾಣದವು, ನಡುವೆ ಬದಲಿಸುವ ನಿಲ್ದಾಣದವಲ್ಲ. ನೀವು ನಡುವೆ ಇಳಿದರೂ ಪೆಟ್ಟಿಗೆ ಮುಂದಕ್ಕೆ ಹೋಗುವಂತೆಯೇ ಗುರುತಾಗಿರುತ್ತದೆ. ಹತ್ತದೆ ಬಿಟ್ಟ ಹಾರಾಟದ ನಂತರದ ಹಾರಾಟಗಳೂ ಸಾಮಾನ್ಯವಾಗಿ ರದ್ದಾಗುತ್ತವೆ.

ಟಿಕೆಟ್ಟಿಗಿಂತ ಬಿಗಿಯಾದದ್ದು ವೀಸಾ. ಷೆಂಗೆನ್ ವೀಸಾ ಎಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಅದರ ಚೀಟಿಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದೊಂದು, ಒಳಗೆ ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ಜನರು ಮೊದಲನೆಯದನ್ನು ಓದಿ ಎರಡನೆಯದನ್ನು ಬಿಡುತ್ತಾರೆ. ದಿನಾಂಕಗಳ ನಡುವೆ 27 ದಿನ ಅಂತರವಿದ್ದು, ವಾಸಕ್ಕೆ ಕೊಟ್ಟದ್ದು 12 ದಿನವಾದರೆ ನಿಮಗೆ ಸಿಗುವುದು 12 ದಿನವೇ. ಒಳಹೋದ ದಿನ, ಹೊರಬಂದ ದಿನ ಎರಡೂ ಆ ಲೆಕ್ಕಕ್ಕೆ ಸೇರುತ್ತವೆ. 180 ದಿನಗಳಲ್ಲಿ 90 ದಿನ ಎಂಬ ಪ್ರಸಿದ್ಧ ನಿಯಮ ಗರಿಷ್ಠ ಮಿತಿ ಮಾತ್ರ, ಚೀಟಿಯಲ್ಲಿ ಕಡಿಮೆ ಬರೆದಿದ್ದರೆ ಅದೇ ಅಂತಿಮ. ಆದ್ದರಿಂದ ನೆಂಟರ ಮನೆಯಲ್ಲಿ ಉಳಿಯುವ ದಿನಗಳನ್ನೂ, ಅವರ ಆಹ್ವಾನ ಪತ್ರವನ್ನೂ ವೀಸಾ ಅರ್ಜಿಯ ಹೊತ್ತಿಗೇ ಪ್ರವಾಸ ಕಂಪನಿಗೆ ಕೊಡಬೇಕು. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್ ವಲಯದೊಳಗಿಲ್ಲ. ಪ್ಯಾರಿಸ್‌ನಲ್ಲಿ ಟೂರ್ ಮುಗಿಸಿ ಲಂಡನ್‌ನ ಅಣ್ಣನನ್ನು ನೋಡಿ, ಮತ್ತೆ ಪ್ಯಾರಿಸ್‌ನಿಂದಲೇ ವಿಮಾನ ಹತ್ತುವುದಾದರೆ ಬ್ರಿಟನ್ನಿನ ವೀಸಾ ಬೇರೆ ಬೇಕು, ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು. ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ವೀಸಾದ ಮೇಲಿನ ದಿನಾಂಕ ಹೇಳುವುದಿಲ್ಲ. ಒಳಬರುವಾಗ ಅಧಿಕಾರಿ ಕೊಟ್ಟು ಐ-94 ದಾಖಲೆಯಲ್ಲಿ ನಮೂದಾಗುವ ದಿನಾಂಕ ಹೇಳುತ್ತದೆ. ಚೀನಾದ ಗುಂಪು ವೀಸಾದಲ್ಲಿ ಎಲ್ಲರ ಹೆಸರೂ ಒಂದೇ ಪಟ್ಟಿಯಲ್ಲಿದ್ದು, ಗುಂಪು ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರಬೇಕಾದುದರಿಂದ, ಅಲ್ಲಿ ಹಿಂದುಳಿಯುವ ಆಲೋಚನೆ ಇರುವವರು ಪ್ರತ್ಯೇಕ ವೀಸಾಕ್ಕೇ ಅರ್ಜಿ ಹಾಕಬೇಕು.

ಗುಂಪಿನ ಪ್ರಯಾಣ ವಿಮೆ ಸಾಮಾನ್ಯವಾಗಿ ಟೂರಿನೊಂದಿಗೇ ಮುಗಿಯುತ್ತದೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ವಾಸದ ಎಲ್ಲ ದಿನಗಳಿಗೂ ಇರಬೇಕು. ಇನ್ನು, ಹೋಟೆಲಿನಲ್ಲಿರುವಾಗ ನಿಮ್ಮ ವಿವರವನ್ನು ಪೊಲೀಸರಿಗೆ ತಿಳಿಸುವ ಕೆಲಸವನ್ನು ಹೋಟೆಲಿನವರೇ ಮಾಡುತ್ತಾರೆ. ಮನೆಯಲ್ಲಿ ಉಳಿದರೆ ಕೆಲವು ದೇಶಗಳಲ್ಲಿ ಆ ಹೊಣೆ ಮನೆಯವರ ಮತ್ತು ನಿಮ್ಮ ಮೇಲೆ ಬೀಳುತ್ತದೆ. ಚೀನಾದಲ್ಲಿ ಅದಕ್ಕೆ 24 ಗಂಟೆ, ಇಟಲಿಯಲ್ಲಿ ಆತಿಥೇಯರಿಗೆ 48 ಗಂಟೆ ಗಡುವು.

ಗುಂಪಿನಿಂದ ಬೇರ್ಪಡುವವರು ತಾವು ಸ್ವಂತ ಇಚ್ಛೆಯಿಂದ ಯಾವ ದಿನ, ಯಾವ ಸ್ಥಳದಿಂದ ಬಿಡುತ್ತಿದ್ದೇವೆ ಎಂದು ಬರೆದುಕೊಟ್ಟು, ಒಂದು ಪ್ರತಿಯನ್ನು ಟೂರ್ ಮ್ಯಾನೇಜರಿಗೂ ಕೊಡುವುದು ಒಳ್ಳೆಯದು. ಬಿಟ್ಟ ಊಟ, ಬಿಟ್ಟ ಕೋಣೆಯ ಹಣ ಮರಳಿ ಬರುತ್ತದೆಂದು ಎಣಿಸಬೇಡಿ. ‘ದಾರಿಯಲ್ಲೇ ಮನೆ, ಹತ್ತು ನಿಮಿಷ ಬಸ್ ತಿರುಗಿಸಿ’ ಎಂದೂ ಕೇಳಬೇಡಿ. ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯ ಮಿತಿ 9 ಗಂಟೆ, ವಾಹನದಲ್ಲಿರುವ ಯಂತ್ರ ಎಲ್ಲವನ್ನೂ ದಾಖಲಿಸುತ್ತಿರುತ್ತದೆ.

ಕೊನೆಯ ದಿನ ನಾಲ್ಕೈದು ಗಂಟೆಯ ಬಿಡುವಷ್ಟೇ ಸಿಗುವುದಾದರೆ, ನನ್ನ ಅಭಿಪ್ರಾಯದಲ್ಲಿ ನೀವು ಅವರ ಮನೆಗೆ ಹೋಗುವುದಕ್ಕಿಂತ ಅವರನ್ನೇ ಹೋಟೆಲಿಗೆ ಬರಹೇಳುವುದು ಲೇಸು. ಬರಹೇಳುವಾಗಲೂ ಎಚ್ಚರ ಬೇಕು. ಟೂರಿನ ಕಿರುಪುಸ್ತಕದಲ್ಲಿ ಹೋಟೆಲಿನ ಹೆಸರಿನ ಪಕ್ಕ ‘ಅಥವಾ ಅದಕ್ಕೆ ಸಮನಾದದ್ದು’ ಎಂದಿರುತ್ತದೆ, ನಿಜವಾದ ಹೆಸರು ಹೊರಡುವ ಹೊತ್ತಿಗಷ್ಟೇ ತಿಳಿಯುತ್ತದೆ. ಒಂದೇ ಹೆಸರಿನ ಹೋಟೆಲು ಒಂದೇ ನಗರದಲ್ಲಿ ಎರಡು ಮೂರು ಇರಬಹುದಾದ್ದರಿಂದ ಪೂರ್ತಿ ವಿಳಾಸ ಕಳುಹಿಸಿ. ಕೋಣೆ ಪ್ರವಾಸ ಕಂಪನಿಯ ಹೆಸರಿನಲ್ಲೋ, ಜೊತೆಗಾರರ ಹೆಸರಿನಲ್ಲೋ ಇದ್ದರೆ, ‘ಆ ಹೆಸರಿನವರು ಇಲ್ಲಿಲ್ಲ’ ಎಂಬ ಉತ್ತರ ಸಿಕ್ಕಿ ಬಂದವರು ಬಾಗಿಲಿನಿಂದಲೇ ಹಿಂದಿರುಗಿದ್ದುಂಟು. ಲಾಬಿಯಲ್ಲಿ ಇಂಥ ಕುರ್ಚಿಯ ಹತ್ತಿರ, ಇಷ್ಟು ಹೊತ್ತಿಗೆ ಎಂದು ಹೇಳಿಬಿಟ್ಟರೆ ಈ ಪೇಚೇ ಇಲ್ಲ.

ಕೊಳ್ಳುಗೆಯ ತೆರಿಗೆ ಮರುಪಾವತಿಯ ಕಾಗದವಿದ್ದವರು ಇನ್ನೊಂದನ್ನು ನೆನಪಿಡಬೇಕು. ಅದಕ್ಕೆ ಕಸ್ಟಮ್ಸ್ ದೃಢೀಕರಣ ಆಗಬೇಕಾದದ್ದು ಐರೋಪ್ಯ ಒಕ್ಕೂಟದಿಂದ ಹೊರಬೀಳುವ ಕೊನೆಯ ಸ್ಥಳದಲ್ಲಿ, ಅದೂ ಕೊಂಡ ತಿಂಗಳ ನಂತರದ ಮೂರು ತಿಂಗಳೊಳಗೆ. ಗುಂಪು ವಿಮಾನ ಹತ್ತುವ ದಿನ ಹಿಂದುಳಿಯುವವರು ಆ ಕಾಗದವನ್ನು ಬೇರೆಯವರ ಕೈಗೆ ಕೊಟ್ಟು ಕಳುಹಿಸಿದರೆ ಪ್ರಯೋಜನವಿಲ್ಲ.

ಉಡುಗೊರೆಯ ತೂಕವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಮ್ಮೆ ನಾನು ಕೊನೆಯ ಸಂಜೆ ರೈಲಿನಲ್ಲಿ ಅತ್ತೆಯ ಮನೆಗೆ ಹೋಗಿ, ಮುಕ್ಕಾಲು ಗಂಟೆ ಕೂತು, ಅವರು ಕಟ್ಟಿಟ್ಟಿದ್ದ ಆರು ಕಿಲೋ ಗಂಟನ್ನು ಹೊತ್ತು ಮರಳಿದೆ. ನಡುರಾತ್ರಿ ಹೋಟೆಲಿನ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತಾಗ ಅದರ ಮಿತಿ 23 ಕಿಲೋ, ಒಳಗಾಗಲೇ ಇದ್ದದ್ದು 21. ಹೊರಡುವಾಗಲೇ ಪೆಟ್ಟಿಗೆಯಲ್ಲಿ ಐದಾರು ಕಿಲೋ ಜಾಗ ಬಿಟ್ಟುಕೊಳ್ಳಿ, ‘ನಮ್ಮ ಲಗೇಜಿನಲ್ಲಿ ಇಷ್ಟೇ ಹಿಡಿಸುತ್ತದೆ’ ಎಂದು ನೆಂಟರಿಗೆ ಫೋನಿನಲ್ಲೇ ಹೇಳಿ; ಅವರು ಕೊಡುವ ಪವರ್ ಬ್ಯಾಂಕ್ ಇದ್ದರೆ ಅದನ್ನು ಕೈಚೀಲದಲ್ಲೇ ಇಡಿ.