ಜೋಂಬಿ ಕಥೆ ಬರೆಯುವವರು ಮೊದಲು ಲೆಕ್ಕ ಹಾಕಬೇಕಾದ ಸಂಗತಿಗಳು

ಭಯ ಹುಟ್ಟಿಸುವ ಪ್ರಾಣಿಗಳ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಜೋಂಬಿಯಷ್ಟು ಪೆದ್ದು ಇನ್ನೊಂದಿಲ್ಲ. ಅದಕ್ಕೆ ಮಾತು ಬಾರದು, ಯೋಚನೆ ತಿಳಿಯದು, ಹೆಚ್ಚಿನ ಕಥೆಗಳಲ್ಲಿ ಬಾಗಿಲಿನ ಚಿಲಕ ತೆಗೆಯುವಷ್ಟು ಬುದ್ಧಿಯೂ ಇರುವುದಿಲ್ಲ. ಹಾಗಿದ್ದೂ ನಗರಕ್ಕೆ ನಗರವೇ ನಡೆದಾಡುವ ಹೆಣಗಳ ವಶವಾಗುವ ಕಥೆಗಳನ್ನು ಜನ ನಿದ್ದೆಗೆಟ್ಟು ಓದುತ್ತಾರೆ. ಅಂಥದ್ದೊಂದು ಕಥೆಯನ್ನು ಬರೆಯಹೊರಟವರು ಈ ಸೆಳೆತದ ಮೂಲವನ್ನು ಮೊದಲು ಗುರುತಿಸಿಕೊಳ್ಳಬೇಕು. ಪತ್ತೇದಾರಿ ಕಥೆಯನ್ನು ಓದುವವರು ಕೊಲೆಗಾರ ಯಾರೆಂದು ಊಹಿಸುತ್ತಿರುತ್ತಾರೆ. ಜೋಂಬಿ ಕಥೆಯನ್ನು ಓದುವವರು ನಡುನಡುವೆ ಕಣ್ಣೆತ್ತಿ ತಮ್ಮದೇ ಮನೆಯ ಕಿಟಕಿಗಳನ್ನು ಎಣಿಸುತ್ತಿರುತ್ತಾರೆ. ಆ ಎಣಿಕೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದೇ ಬರೆಯುವವರ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಈ ಗುಟ್ಟನ್ನು ಚೆನ್ನಾಗಿ ಬಳಸಿಕೊಂಡಿತು. ವಿಪತ್ತಿಗೆ ಸಿದ್ಧರಾಗಿರಿ, ನೀರು ಮತ್ತು ಔಷಧ ಕೂಡಿಡಿ ಎಂಬ ಹಳೆಯ ಬುದ್ಧಿಮಾತನ್ನೇ ಅದು 2011ರ ಮೇ ತಿಂಗಳಿನಲ್ಲಿ ಜೋಂಬಿ ದಾಳಿಯ ಹೆಸರಿನಲ್ಲಿ ಹೇಳಿದಾಗ, ಓದಲು ಬಂದವರ ನೂಕುನುಗ್ಗಲಿಗೆ ಆ ಜಾಲಪುಟವೇ ಕುಸಿದುಬಿತ್ತು. ಕೋವಿಡ್ ಕಾಲದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜೋಂಬಿ ಹಾಗೂ ಪ್ರಳಯದ ಚಿತ್ರಗಳನ್ನು ಮೆಚ್ಚುವವರು ಆ ದಿನಗಳನ್ನು ಎದುರಿಸಲು ಉಳಿದವರಿಗಿಂತ ಹೆಚ್ಚು ಸಿದ್ಧರಾಗಿದ್ದಂತೆ ಕಂಡುಬಂದಿತು. ಚಿತ್ರ ನೋಡಿದ್ದರಿಂದಲೇ ಗಟ್ಟಿಗರಾದರೋ, ಗಟ್ಟಿಗರೇ ಅಂಥ ಚಿತ್ರಗಳನ್ನು ಹುಡುಕಿ ನೋಡುತ್ತಾರೋ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ಬರೆಯಲು ಕೂರುವ ಮುನ್ನ ಈ ಪ್ರಾಣಿಯ ವಂಶಾವಳಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಜೋಂಬಿ ಹುಟ್ಟಿದ್ದು ಹೈಟಿಯಲ್ಲಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದ ಆಫ್ರಿಕನ್ ಗುಲಾಮರ ಪಾಲಿಗೆ ಸಾವೆಂದರೆ ಪೂರ್ವಿಕರ ನೆಲಕ್ಕೆ ಮರಳುವ ದಾರಿಯಾಗಿತ್ತು. ಸತ್ತ ಮೇಲೂ ಬಿಡುಗಡೆ ಸಿಗದೆ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಲೇ ಇರಬೇಕಾದ ದೇಹದ ಕಲ್ಪನೆ ಆ ಬದುಕಿನ ಅತಿ ದೊಡ್ಡ ಭಯವಾಗಿ ಬೆಳೆಯಿತು. 1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೇನೆಯ ಹಿಡಿತದಲ್ಲಿದ್ದ ಕಾಲದಲ್ಲಿ ಈ ನಂಬಿಕೆ ಪ್ರವಾಸಕಥನಗಳ ಮೂಲಕ ಹೊರಗೆ ಹಬ್ಬಿ, 1932ರ ಹೊತ್ತಿಗೆ ಸಿನಿಮಾ ಪರದೆಯನ್ನೂ ಏರಿತು. ಮನುಷ್ಯರ ಮಾಂಸ ತಿನ್ನುವ ಹೆಣಗಳ ಹಿಂಡು ಬಂದದ್ದು 1968ರಲ್ಲಿ, ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದೊಂದಿಗೆ. (ಆ ಚಿತ್ರದಲ್ಲಿ ಯಾರೂ ಜೋಂಬಿ ಎಂಬ ಪದವನ್ನೇ ಆಡುವುದಿಲ್ಲ.) ಹೈಟಿಯವರಿಗಿದ್ದದ್ದು ತಾವೇ ಜೋಂಬಿಯಾಗುವ ಭಯ; ಪರದೆಯ ಮುಂದೆ ಕುಳಿತವರಿಗೆ ಹುಟ್ಟಿದ್ದು ಜೋಂಬಿಯ ಬಾಯಿಗೆ ಸಿಕ್ಕುವ ಭಯ. ಜೋಂಬಿಯಿಂದ ಕಚ್ಚಿಸಿಕೊಂಡವರೂ ಜೋಂಬಿಯಾಗುವುದು ಇಂಥ ಕಥೆಗಳ ನಿಯಮ. ಕಚ್ಚಿದ ಗಾಯವೊಂದರಲ್ಲಿ ಈ ಎರಡು ಭಯಗಳೂ ಕೂಡುತ್ತವೆಯಾದ್ದರಿಂದ ಇಡೀ ಕಥೆಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ಹಾಗಾಗಿ ಮೊದಲ ವಾಕ್ಯವನ್ನು ಬರೆಯುವ ಮೊದಲೇ, ಕಚ್ಚಿಸಿಕೊಂಡವರು ಬದಲಾಗಲು ಎಷ್ಟು ಹೊತ್ತು ಬೇಕೆಂಬುದನ್ನು ನಿರ್ಧರಿಸಿ ಕಾಗದದ ಮೇಲೆ ಗುರುತು ಹಾಕಿಟ್ಟುಕೊಳ್ಳಿ. ಕೆಲವೇ ಸೆಕೆಂಡುಗಳೆಂದರೆ ನಿಮ್ಮ ಕೈಗೆ ಬರುವುದು ಓಟದ ಕಥೆ. ಅಲ್ಲಿ ವಿದಾಯ ಹೇಳಲು ಬಿಡುವಿರುವುದಿಲ್ಲ. ಆರು ಗಂಟೆಯೆಂದರೆ ಅದು ಮನೆಮಂದಿಯ ಕಥೆಯಾಗುತ್ತದೆ, ಏಕೆಂದರೆ ಗಾಯಗೊಂಡವರು ಆ ಆರು ಗಂಟೆಗಳ ಕಾಲ ಇನ್ನೂ ತಂದೆಯಾಗಿಯೋ ಅಕ್ಕನಾಗಿಯೋ ಉಳಿದಿರುತ್ತಾರೆ, ಮತ್ತು ಅವರನ್ನು ಏನು ಮಾಡಬೇಕೆಂದು ಅವರ ಎದುರಿಗೇ ಮಾತಾಡಬೇಕಾಗುತ್ತದೆ. ನಿಸರ್ಗದ ಮಾದರಿ ಬೇಕಿದ್ದರೆ ರೇಬಿಸ್ ರೋಗವನ್ನು ನೋಡಿ: ಕಚ್ಚಿದ ಜಾಗದಿಂದ ಅದರ ವೈರಸ್ ನರಗಳ ದಾರಿ ಹಿಡಿದು ಮಿದುಳಿಗೆ ಏರಲು ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ, ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಸೋಂಕು ಯಾವ ಪ್ರಯೋಗಾಲಯದಿಂದ ಹೊರಬಿತ್ತು ಎಂಬ ವಿವರಣೆಗೆ ಪುಟಗಟ್ಟಲೆ ಜಾಗ ಕೊಡಬೇಡಿ. ಬಾಗಿಲು ಬಡಿಯುತ್ತಿರುವಾಗ ಅದನ್ನು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಎರಡನೆಯ ಲೆಕ್ಕ ನೀರಿನದು. ಕೆಲಸಕ್ಕೆ ಬರುವವರು ಇಲ್ಲವಾದಂತೆ ವಿದ್ಯುತ್ ನಿಲ್ಲುತ್ತದೆ, ವಿದ್ಯುತ್ ನಿಂತರೆ ಪಂಪು ನಿಲ್ಲುತ್ತದೆ, ಮೇಲಿನ ತೊಟ್ಟಿ ಬರಿದಾದೊಡನೆ ನಲ್ಲಿ ಒಣಗುತ್ತದೆ. ನಾಲ್ವರು ಅಡಗಿರುವ ಮನೆಯಲ್ಲಿ 20 ಲೀಟರಿನ ಒಂದೇ ಕ್ಯಾನ್ ಇದ್ದು, ತಲೆಗೆ ದಿನಕ್ಕೆ 2 ಲೀಟರಿನಂತೆ ಕುಡಿದರೆ, ಮೂರನೆಯ ದಿನದ ಮಧ್ಯಾಹ್ನಕ್ಕೆ ಅದು ಮುಗಿಯುತ್ತದೆ. ಈ ಗಡುವನ್ನು ಓದುಗರಿಗೆ ಆರಂಭದಲ್ಲೇ ತಿಳಿಸಿಬಿಡಿ. ಆಮೇಲೆ ದೃಶ್ಯವನ್ನು ಹೀಗೆ ಕಟ್ಟಬಹುದು: ರಾತ್ರಿ ಮಲಗುವ ಮುನ್ನ ತಂಗಿ ಕ್ಯಾನಿನ ಮೇಲೆ ನೀರಿನ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದಿಡುತ್ತಾಳೆ. ಬೆಳಗ್ಗೆ ನೀರು ಗೆರೆಯಿಂದ ಎರಡು ಬೆರಳು ಕೆಳಗಿದೆ. ಕುಡಿದೆನೆಂದು ಯಾರೂ ಒಪ್ಪುವುದಿಲ್ಲ, ಮಾತಿಗೆ ಮಾತು ಬೆಳೆಯುತ್ತದೆ. ಆ ಹೊತ್ತಿನಲ್ಲಿ ಅವಳ ಕಣ್ಣು ಅಣ್ಣನ ಎಡಗೈಯ ತೋಳಿನ ಮೇಲೆ ಬೀಳುತ್ತದೆ. ಅಂಗಿಯ ಬಟ್ಟೆ ಮೊಣಕೈವರೆಗೆ ಇನ್ನೂ ಹಸಿಯಾಗಿದೆ, ಗುಂಡಿ ಹಾಕಿದೆ. ನೀರನ್ನು ಯಾರೂ ಕುಡಿದಿಲ್ಲ, ಯಾರೋ ಏನನ್ನೋ ತೊಳೆದುಕೊಂಡಿದ್ದಾರೆ. ಈ ಪುಟದಲ್ಲಿ ಒಂದೇ ಒಂದು ಹೆಣವೂ ಕಾಣಿಸಿಕೊಳ್ಳುವುದಿಲ್ಲ, ಕಾಣಿಸಿಕೊಳ್ಳಬಾರದು ಕೂಡ.

ಸದ್ದಿನ ನಿಯಮವನ್ನೂ ಹೀಗೆಯೇ ನಿಗದಿಪಡಿಸಿಕೊಂಡು ಕೊನೆಯವರೆಗೆ ಪಾಲಿಸಿ. ಪಿಸುಮಾತಿಗೆ ತಿರುಗಿ ನೋಡಿದ ಹಿಂಡು ಮುಂದಿನ ಅಧ್ಯಾಯದಲ್ಲಿ ಜಗಳಕ್ಕೆ ಕಿವುಡಾದರೆ ಓದುಗರ ನಂಬಿಕೆ ಅಲ್ಲಿಗೆ ಹೋಯಿತು.

ಬದುಕುಳಿದವರನ್ನೆಲ್ಲ ದುಷ್ಟರನ್ನಾಗಿಸುವುದು ಈ ಪ್ರಕಾರದ ಹಳೆಯ ಚಾಳಿ, ನನಗಂತೂ ಅದು ಸಾಕಾಗಿದೆ. ನಿಜವಾದ ಭೂಕಂಪ, ನೆರೆಗಳ ಅಧ್ಯಯನಗಳಲ್ಲಿ ಕಾಣುವುದು ಹೆಚ್ಚಾಗಿ ಒಬ್ಬರಿಗೊಬ್ಬರು ನೆರವಾಗುವ ಜನರೇ. ಲೂಟಿಕೋರರ ಗುಂಪನ್ನು ಕರೆತರುವುದಕ್ಕಿಂತ, ಇಬ್ಬರು ಒಳ್ಳೆಯವರ ನಡುವೆ ಒಮ್ಮತವಾಗದ ಪ್ರಶ್ನೆಯೊಂದನ್ನು ಇಡಿ. ಗಾಯವನ್ನು ಬಚ್ಚಿಟ್ಟ ಅಣ್ಣ ಸ್ವಾರ್ಥಿಯೇ ಆಗಿರಬೇಕಿಲ್ಲ. ತಾನಿಲ್ಲದೆ ತಂಗಿಗೆ ಆ ಭಾರದ ಕಪಾಟನ್ನು ಬಾಗಿಲಿಗೆ ಅಡ್ಡ ತಳ್ಳಲಾಗದೆಂಬುದು ಅವನಿಗೆ ಗೊತ್ತಿರಬಹುದು. ಅವಳಿಗೂ ಅದು ಗೊತ್ತಿದ್ದರೆ ಮುಂದಿನ ಹತ್ತು ಪುಟಗಳು ತಾವಾಗಿಯೇ ಬರುತ್ತವೆ.

ಕರಡು ಮುಗಿದ ಮೇಲೆ ಪ್ರತಿ ಪುಟದ ಅಂಚಿನಲ್ಲಿ ದಿನ, ಹೊತ್ತು, ಉಳಿದ ನೀರು ಮತ್ತು ಉಳಿದ ಜನರ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದು, ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಿ. ನಾನು ಬರೆದ ಮೊದಲ ಜೋಂಬಿ ಕಥೆಯಲ್ಲಿ ಐವರಿಗೆ ಒಂದೇ ಕ್ಯಾನಿನ ನೀರು ಹನ್ನೊಂದು ದಿನ ಬಂದಿತ್ತು. ಅದನ್ನು ಓದಿದ ಗೆಳೆಯ, ನಾನು ಬೆವರು ಸುರಿಸಿ ಬಣ್ಣಿಸಿದ್ದ ಕೊಳೆತ ಹೆಣಗಳ ಬಗ್ಗೆ ಒಂದು ಮಾತನ್ನೂ ಆಡದೆ, ಆ ಕ್ಯಾನ್ ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಿದ.