ಗಲ್ಲಾ ಪಕ್ಕದ ಎರಡಡಿ ಜಾಗದಲ್ಲಿ ನನ್ನ ಚಿಲ್ಲರೆ ವ್ಯಾಪಾರ

ನಮ್ಮ ಬೀದಿಯ ಬೇಕರಿಯಲ್ಲಿ ಮೂರು ರೂಪಾಯಿ ವಾಪಸ್ ಕೊಡಲು ಚಿಲ್ಲರೆ ಇರಲಿಲ್ಲ, ಚಾಕಲೇಟ್ ಕೊಟ್ಟರು. ಮನೆಗೆ ಬಂದು ನೋಡಿದರೆ ಅಮ್ಮನ ಹಳೆ ಬಾಟಲಿಯಲ್ಲಿ ಕುತ್ತಿಗೆವರೆಗೂ ನಾಣ್ಯ. ಒಂದು ಕಡೆ ಬರ, ಇನ್ನೊಂದು ಕಡೆ ರಾಶಿ. ನಡುವೆ ನಿಂತು ಎಣಿಸಿ ಕೊಡುವವರು ಇಲ್ಲ, ಅಷ್ಟೇ ಅಲ್ವಾ ಅನ್ನಿಸಿತು.

ಬೆಂಗಳೂರಿನಿಂದ ನಾಣ್ಯ ಎಣಿಸುವ ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ತಂದೆ. ಶಿವಮೊಗ್ಗದ ಗಾಂಧಿ ಬಜಾರ್‌ನ ದಿನಸಿ ಅಂಗಡಿಯೊಂದರಲ್ಲಿ ಗಲ್ಲಾ ಪಕ್ಕ ಎರಡಡಿ ಜಾಗ ಕೇಳಿದೆ. ಒಪ್ಪಂದ ಸರಳ: ಎಣಿಕೆ ಕೂಲಿ ನೂರಕ್ಕೆ ಎರಡು ರೂಪಾಯಿ, ಅದರಲ್ಲಿ ಅರ್ಧ ಅಂಗಡಿಯವರಿಗೆ. ಆ ದರವನ್ನು ದೊಡ್ಡ ಅಕ್ಷರದಲ್ಲಿ ಬರೆದು ತೂಗು ಹಾಕಿದೆ. ಹೇಳದೆ ಮುರಿದುಕೊಂಡರೆ ಜನ ಎರಡನೇ ಸಲ ಬರುವುದಿಲ್ಲ.

ಯಂತ್ರದ ಕೆಲಸ ಹೀಗೆ. ಮೇಲೆ ಸುರಿದ ನಾಣ್ಯ ತಿರುಗುವ ತಟ್ಟೆಗೆ ಬೀಳುತ್ತದೆ, ಅಂಚಿಗೆ ಜಾರುತ್ತದೆ, ಅಗಲಕ್ಕೆ ತಕ್ಕ ಸಂದಿಯಲ್ಲಿ ಇಳಿಯುತ್ತದೆ. ಅದಕ್ಕೆ ಗೊತ್ತಿರುವುದು ಅಗಲ ಮಾತ್ರ. ನಾನು ಬಿದ್ದ ಗುಂಡಿ ಅದೇ.

ಎರಡನೇ ವಾರ ಚಹಾ ಹೋಟೆಲ್ ನಡೆಸುವ ಅಕ್ಕ ಒಬ್ಬರು ಡಬ್ಬಿ ತಂದರು. ಎಣಿಸಿ ದುಡ್ಡು ಕೊಟ್ಟೆ. ಮರುದಿನ ಬಂದು, "ಎಂತ ಮಾರಾಯ್ರೆ, ನನ್ನ ಮಗಳು ಎಣಿಸಿದ್ದಕ್ಕೂ ನಿಮ್ಮದಕ್ಕೂ ಮೂವತ್ತಾರು ರೂಪಾಯಿ ಕಡಿಮೆ ಉಂಟಲ್ಲ?" ಎಂದರು. ನಾಣ್ಯ ಇನ್ನೂ ಚೀಲದಲ್ಲೇ ಇತ್ತು. ನೆಲದ ಮೇಲೆ ಹರಡಿ ಕೂತೆ. ಹೌದು, ಮಗಳ ಲೆಕ್ಕವೇ ಸರಿ. ಎರಡು ರೂಪಾಯಿಯ ತಟ್ಟೆಯಲ್ಲಿ ಹನ್ನೆರಡು ಐದು ರೂಪಾಯಿ ಸೇರಿದ್ದವು. ಮೂವತ್ತಾರು ರೂಪಾಯಿ ಕೈಗಿಟ್ಟು, ಅವರ ಎಣಿಕೆ ಕೂಲಿಯನ್ನೂ ವಾಪಸ್ ಕೊಟ್ಟೆ.

ಆ ರಾತ್ರಿ ಅಳತೆಪಟ್ಟಿ ಹಿಡಿದು ಕೂತೆ. 2011ರ ಸರಣಿಯಲ್ಲಿ ಎರಡು ರೂಪಾಯಿ 25 ಮಿಲಿಮೀಟರ್, ಐದು ರೂಪಾಯಿ 23. 2019ರ ಸರಣಿಯಲ್ಲಿ ಎರಡು ರೂಪಾಯಿ 23, ಐದು ರೂಪಾಯಿ 25. ಅದಲು ಬದಲು! ಅಗಲ ನೋಡಿ ಬೇರ್ಪಡಿಸುವ ಯಂತ್ರ ಇಲ್ಲಿ ಸೋಲಲೇಬೇಕು.

ಈಗ ಮೊದಲು ಆಯಸ್ಕಾಂತ. ಹೊಸ ಒಂದು, ಎರಡು ರೂಪಾಯಿ ಉಕ್ಕಿನವು, ಅಂಟಿಕೊಳ್ಳುತ್ತವೆ. ಹಳದಿ ಬಣ್ಣದ ಐದು ರೂಪಾಯಿ ಅಂಟುವುದಿಲ್ಲ. ದಪ್ಪನೆಯ, ಒಂಬತ್ತು ಗ್ರಾಂ ತೂಗುವ ಹಳೆ ಬಿಳಿ ಐದೂ ಅಂಟುವುದಿಲ್ಲ. ಹೀಗೆ ಎರಡು ಗುಂಪು ಮಾಡಿಕೊಂಡು ಬೇರೆ ಬೇರೆ ಸಲ ಯಂತ್ರಕ್ಕೆ ಹಾಕುತ್ತೇನೆ. ನಡುವೆ ಕೆಲವು ವರ್ಷ ಉಕ್ಕಿನ ಐದೂ ಬಂದಿತ್ತು, ಅದು ಆಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ಹಿಡಿಯುವುದು ತಕ್ಕಡಿ. 2019ರ ಎರಡು ರೂಪಾಯಿ ನೂರು ನಾಣ್ಯಕ್ಕೆ 407 ಗ್ರಾಂ. ಅದಕ್ಕಿಂತ ಜಾಸ್ತಿ ತೂಗಿದರೆ ಚೀಲ ಬಿಚ್ಚುತ್ತೇನೆ.

ತಕ್ಕಡಿಯೂ ಸೋಲುವ ಜಾಗ ಒಂದಿದೆ. ಹೆಬ್ಬೆರಳು ಎತ್ತಿದ ಕೈಯ ಚಿತ್ರವಿರುವ ಒಂದು ರೂಪಾಯಿ ನೆನಪಿದೆಯಾ? ಅದರ ಅಗಲವೂ 25 ಮಿಲಿಮೀಟರ್, ತೂಕ 4.85 ಗ್ರಾಂ. 2011ರ ಎರಡು ರೂಪಾಯಿದೂ ಅದೇ ಅಗಲ, ಅದೇ ತೂಕ, ಅದೇ ಉಕ್ಕು. ಇಲ್ಲಿ ಕಣ್ಣೇ ಗತಿ. ಆ ತಟ್ಟೆಯನ್ನು ಮೊರದಲ್ಲಿ ಹರಡಿ ಅಕ್ಕಿ ಆರಿಸಿದ ಹಾಗೆ ಆರಿಸುತ್ತೇನೆ. ಈ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ.

ಇನ್ನು ಮಳೆಗಾಲ. ಮಲೆನಾಡಿನ ಆಷಾಢದಲ್ಲಿ ಎಲ್ಲವೂ ಒದ್ದೆ. ಒದ್ದೆ ನಾಣ್ಯ ಒಂದಕ್ಕೊಂದು ಅಂಟಿ ಎರಡು ಒಟ್ಟಿಗೆ ಜಾರುತ್ತವೆ. ದೇವಸ್ಥಾನದ ಹುಂಡಿಯದ್ದಾದರೆ ಕುಂಕುಮ, ಎಣ್ಣೆ ಬೇರೆ. ಸೋಪಿನ ಬಿಸಿನೀರಲ್ಲಿ ತೊಳೆದು, ಗೋಣಿಚೀಲದ ಮೇಲೆ ಹರಡಿ, ಫ್ಯಾನ್ ಹಾಕಿ ಒಣಗಿಸಿದ ಮೇಲೇ ಯಂತ್ರಕ್ಕೆ. ಕರೆಂಟ್ ಹೋಗುವುದು ಇದ್ದೇ ಇದೆ, ಚಿಕ್ಕ ಯುಪಿಎಸ್ ಇಟ್ಟಿದ್ದೇನೆ. ಎಣಿಕೆ ಅರ್ಧಕ್ಕೆ ನಿಂತರೆ ಎದುರಿಗೆ ನಿಂತವರ ಮುಖ ನೋಡಲು ಆಗುವುದಿಲ್ಲ.

ಎಣಿಸಿದ ನಾಣ್ಯ ನೂರು ನೂರರ ಪ್ಲಾಸ್ಟಿಕ್ ಪೊಟ್ಟಣವಾಗುತ್ತದೆ. ಬೇಕರಿ, ಮೆಡಿಕಲ್ ಶಾಪ್, ಖಾಸಗಿ ಬಸ್ಸಿನವರು ಬೆಳಗ್ಗೆಯೇ ಒಯ್ಯುತ್ತಾರೆ, ಮುಖಬೆಲೆಗೇ. ಉಳಿದದ್ದು ಬ್ಯಾಂಕಿಗೆ. ಮೊದಲು ಒಂದು ಶಾಖೆಯಲ್ಲಿ ನಾಣ್ಯ ಬೇಡ ಎಂದರು. ನಾಣ್ಯ ತೆಗೆದುಕೊಳ್ಳಲೇಬೇಕು, ಒಂದು, ಎರಡು ರೂಪಾಯಿಯನ್ನು ತೂಕದ ಮೇಲೂ ತೆಗೆದುಕೊಳ್ಳಬಹುದು ಎಂಬ ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರತಿ ತೋರಿಸಿದೆ. ಮ್ಯಾನೇಜರ್ ಓದಿದರು, ತೆಗೆದುಕೊಂಡರು. ಆ ಪ್ರತಿ ಈಗಲೂ ನನ್ನ ಚೀಲದಲ್ಲಿದೆ.

ಎರಡನೇ ಯಂತ್ರ ಸಾಗರದಲ್ಲಿ ಇಟ್ಟಿದ್ದೇನೆ. ಅಲ್ಲಿಗೆ ವಾರಕ್ಕೊಂದು ದಿನ ಬಸ್ಸಿನಲ್ಲಿ ಹೋಗುತ್ತೇನೆ. ಹೋಟೆಲ್ ಅಕ್ಕ ತಿಂಗಳಿಗೊಮ್ಮೆ ಡಬ್ಬಿ ತರುತ್ತಾರೆ. ಮಗಳು ಜೊತೆಗೆ ಬರುತ್ತಾಳೆ, ಆಯಸ್ಕಾಂತ ಹಿಡಿಯುವ ಕೆಲಸ ಅವಳದು.